ಸ್ಟೀಫನ್ ಕ್ರೇನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾದಂಬರಿಕಾರ, ಯುದ್ಧ ವರದಿಗಾರ ಸ್ಟೀಫನ್ ಕ್ರೇನ್ ಬಗ್ಗೆ ಗೆಳೆಯರು, ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವಕ್ಕೆ ನಿಧಾನವಾಗಿ ಕೂತು ಮಾತಾಡಬೇಕು. ಇವನು ನನಗೆ ತುಂಬ ಬೇಕಾದ ಲೇಖಕ, ಹಾಗಾಗಿ ಅಲ್ಲಲ್ಲಿ ನನ್ನ ಅಭಿಪ್ರಾಯವೂ ಸೇರಿಕೊಂಡಿದೆ.

ಯಾರು ಈ ಸ್ಟೀಫನ್ ಕ್ರೇನ್?

1871ರ ನವೆಂಬರ್ 1ರಂದು ನ್ಯೂಜೆರ್ಸಿಯ ನ್ಯೂಆರ್ಕ್ ಊರಿನಲ್ಲಿ ಹುಟ್ಟಿದ. 1900ರ ಜೂನ್ 5ರಂದು ಜರ್ಮನಿಯಲ್ಲಿ ಕ್ಷಯದಿಂದ ತೀರಿಕೊಂಡ. ಆಗ ಅವನಿಗೆ 28 ವರ್ಷ 7 ತಿಂಗಳು. ಅಷ್ಟರಲ್ಲೇ ಕಾದಂಬರಿಗಳು, ಎರಡು ಕವನ ಸಂಕಲನ, ಹತ್ತಾರು ಕತೆ, ಎರಡು ಯುದ್ಧಗಳ ವರದಿ ಬರೆದಿದ್ದ. ಹೆಚ್ಚಿನವರು ಅವನ ಹೆಸರು ಕೇಳಿರುವುದು ‘ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್’ ಕಾದಂಬರಿಯಿಂದ.

ಮನೆ, ಓದು ಹೇಗಿತ್ತು?

ಅಪ್ಪ ಜೊನಾಥನ್ ಕ್ರೇನ್ ಮೆಥಡಿಸ್ಟ್ ಪಾದ್ರಿ. ಅಮ್ಮ ಕುಡಿತದ ವಿರುದ್ಧ ಊರೂರು ತಿರುಗಿ ಭಾಷಣ ಮಾಡುತ್ತಿದ್ದವರು. ಅವರ ಹದಿನಾಲ್ಕು ಮಕ್ಕಳಲ್ಲಿ ಇವನೇ ಕೊನೆಯವನು. ಅವರಲ್ಲಿ ಹಲವರು ಕೂಸಾಗಿದ್ದಾಗಲೇ ಹೋಗಿಬಿಟ್ಟಿದ್ದರು. ಇವನಿಗೆ ಎಂಟು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು, ಇಪ್ಪತ್ತಾದಾಗ ಅಮ್ಮ. ಕುಡಿಯಬಾರದು, ಇಸ್ಪೀಟು ಆಡಬಾರದು, ಕಾದಂಬರಿ ಓದಬಾರದು ಎನ್ನುವ ಮನೆ ಅದು. ಅಲ್ಲಿ ಹುಟ್ಟಿದ ಹುಡುಗ ಮುಂದೆ ಈ ಮೂರನ್ನೂ ಮಾಡಿದ.

ಓದಿನ ಕತೆ ಸಣ್ಣದು. ಲಫಯೆಟ್ ಕಾಲೇಜಿನಲ್ಲಿ ಒಂದು ಅವಧಿ, ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು. ಪದವಿ ಸಿಗಲಿಲ್ಲ. ತರಗತಿಗಿಂತ ಬೇಸ್‌ಬಾಲ್ ಮೈದಾನದಲ್ಲೇ ಜಾಸ್ತಿ ಇರುತ್ತಿದ್ದ, ಆಟವನ್ನೂ ಚೆನ್ನಾಗಿ ಆಡುತ್ತಿದ್ದ.

ಪತ್ರಿಕೆಗೆ ಬಂದದ್ದು ಹೇಗೆ?

ಅಣ್ಣ ಟೌನ್ಲಿ ಕಡಲತೀರದ ಆಸ್ಬರಿ ಪಾರ್ಕ್ ಊರಿನಿಂದ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ. ತಮ್ಮನೂ ಕೈಜೋಡಿಸಿದ. ಬೇಸಿಗೆಯಲ್ಲಿ ಹಣವಂತರು ಬಂದು ತಂಗುವ ಊರು ಅದು. ಯಾವ ಹೋಟೆಲಿಗೆ ಯಾರು ಬಂದರು ಎಂದು ಬರೆದರೆ ಸಾಕಾಗಿತ್ತು.

1892ರ ಆಗಸ್ಟ್‌ನಲ್ಲಿ ಅಲ್ಲಿ ಕಾರ್ಮಿಕರ ಸಂಘವೊಂದರ ಮೆರವಣಿಗೆ ನಡೆಯಿತು. ಕ್ರೇನ್ ತನಗೆ ಕಂಡದ್ದನ್ನು ಕಂಡ ಹಾಗೆ ಬರೆದ. ಬಿಸಿಲಿಗೆ ಕಪ್ಪಿಟ್ಟ, ಬೆನ್ನು ಬಾಗಿದ, ಧೂಳು ಮೆತ್ತಿದ ಬಟ್ಟೆಯ ಜನ ಸಾಲು ತಪ್ಪಿ ನಡೆಯುತ್ತಿದ್ದಾರೆ. ದಾರಿಯ ಪಕ್ಕ ತೆಳು ಬಟ್ಟೆ ತೊಟ್ಟ ಪ್ರವಾಸಿಗರು ನಿಂತು ನೋಡುತ್ತಿದ್ದಾರೆ. ಅವನ ಸಿಟ್ಟಿದ್ದದ್ದು ಸುಮ್ನೆ ನಿಂತು ನೋಡುತ್ತಿದ್ದವರ ಮೇಲೆ. ಆದರೆ ಸಂಘದವರು ತಮಗೇ ಅವಮಾನವಾಯಿತು ಎಂದುಕೊಂಡರು. ಪತ್ರಿಕೆಯ ಒಡೆಯ ವೈಟ್‌ಲಾ ರೀಡ್ ಆ ವರ್ಷ ಉಪಾಧ್ಯಕ್ಷ ಹುದ್ದೆಗೆ ಚುನಾವಣೆಗೆ ನಿಂತಿದ್ದ. ಪತ್ರಿಕೆ ಕ್ಷಮೆ ಕೇಳಿತು, ಕ್ರೇನ್‌ನ ಕೆಲಸ ಹೋಯಿತು. ಕಂಡದ್ದನ್ನು ಬರೆದು ಪೆಟ್ಟು ತಿನ್ನುವುದು ಅವನಿಗೆ ಇಲ್ಲಿಂದಲೇ ಶುರುವಾಯಿತು.

ಮೊದಲ ಕಾದಂಬರಿಗೆ ಬೇರೆ ಹೆಸರು ಹಾಕಿದ್ದು ಏಕೆ?

‘ಮ್ಯಾಗಿ: ಎ ಗರ್ಲ್ ಆಫ್ ದಿ ಸ್ಟ್ರೀಟ್ಸ್’ ನ್ಯೂಯಾರ್ಕಿನ ಬಡವರ ಕೇರಿಯ ಕತೆ. ಕುಡುಕ ತಾಯಿ, ಹೊಡೆದಾಟದ ಮನೆ. ಒಬ್ಬ ಹುಡುಗನನ್ನು ನಂಬಿ ಮನೆ ಬಿಟ್ಟ ಹುಡುಗಿಯನ್ನು ಆಮೇಲೆ ಯಾರೂ ಒಳಗೆ ಸೇರಿಸುವುದಿಲ್ಲ. ಕೊನೆಗೆ ಬೀದಿ, ಆಮೇಲೆ ನದಿ. ಆ ಕಾಲದ ಪ್ರಕಾಶಕರು ಇದನ್ನು ಮುಟ್ಟಲು ಹೆದರಿದರು. ಕ್ರೇನ್ 1893ರಲ್ಲಿ ಸ್ವಂತ ದುಡ್ಡು ಹಾಕಿ 1,100 ಪ್ರತಿ ಅಚ್ಚು ಮಾಡಿಸಿದ. ಅದಕ್ಕೆ 869 ಡಾಲರ್ ಕೊಟ್ಟ ಎನ್ನುವ ಲೆಕ್ಕವಿದೆ. ಹಳದಿ ಕಾಗದದ ಹೊದಿಕೆ, ಮೇಲೆ ‘ಜಾನ್‌ಸ್ಟನ್ ಸ್ಮಿತ್’ ಎಂಬ ಹೆಸರು. ಮನೆಯವರು ಮುಜುಗರಪಟ್ಟುಕೊಳ್ಳುವುದು ಬೇಡ ಅನ್ನಿಸಿರಬೇಕು.

ಪುಸ್ತಕ ಮಾರಾಟವಾಗಲೇ ಇಲ್ಲ. ಪ್ರತಿಗಳು ಅವನ ಕೋಣೆಯಲ್ಲೇ ರಾಶಿ ಬಿದ್ದವು. ಆದರೆ ಒಂದು ಪ್ರತಿ ಲೇಖಕ ಹ್ಯಾಮ್ಲಿನ್ ಗಾರ್ಲೆಂಡ್‌ಗೆ ತಲುಪಿತು, ಇನ್ನೊಂದು ಆ ಕಾಲದ ದೊಡ್ಡ ವಿಮರ್ಶಕ ವಿಲಿಯಂ ಡೀನ್ ಹೊವೆಲ್ಸ್‌ಗೆ. ಇಬ್ಬರೂ ಹುಡುಗನ ಬೆನ್ನಿಗೆ ನಿಂತರು.

ಯುದ್ಧವನ್ನೇ ನೋಡದೆ ಯುದ್ಧದ ಕಾದಂಬರಿ ಬರೆದದ್ದು ನಿಜವಾ?

ನಿಜ. ‘ರೆಡ್ ಬ್ಯಾಡ್ಜ್’ ಅಮೆರಿಕದ ಅಂತರ್ಯುದ್ಧದ ಕತೆ. ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಆ ಯುದ್ಧ ಮುಗಿದದ್ದು 1865ರಲ್ಲಿ. ಕ್ರೇನ್ ಹುಟ್ಟಿದ್ದು ಅದಾಗಿ ಆರು ವರ್ಷಕ್ಕೆ.

ಹಾಗಾದರೆ ಸಾಮಗ್ರಿ ಎಲ್ಲಿಂದ ಬಂತು? ಗೆಳೆಯ ಲಿನ್ಸನ್ ಎಂಬ ಚಿತ್ರಕಾರನ ಕೋಣೆಯಲ್ಲಿ ‘ಸೆಂಚುರಿ’ ಮಾಸಿಕದ ಹಳೆಯ ಸಂಚಿಕೆಗಳಿದ್ದವು. ಅದರಲ್ಲಿ ಎರಡೂ ಕಡೆಯ ಸೇನಾಧಿಕಾರಿಗಳು ಬರೆದ ಯುದ್ಧದ ನೆನಪುಗಳು ಬರುತ್ತಿದ್ದವು. ಕ್ರೇನ್ ದಿವಾನದ ಮೇಲೆ ಬಿದ್ದುಕೊಂಡು ಗಂಟೆಗಟ್ಟಲೆ ಅವನ್ನು ಓದುತ್ತಿದ್ದ. ಇವರೆಲ್ಲ ಏನು ಮಾಡಿದೆವು ಎಂದು ಬರೆಯುತ್ತಾರೆ, ಆಗ ಒಳಗೆ ಏನಾಯಿತು ಎಂದು ಒಬ್ಬನೂ ಹೇಳುವುದಿಲ್ಲ ಎಂದು ಗೊಣಗಿದ್ದನಂತೆ. ಇದನ್ನು ಲಿನ್ಸನ್ ತನ್ನ ನೆನಪಿನಲ್ಲಿ ದಾಖಲಿಸಿದ್ದಾನೆ. ನನ್ನ ಪ್ರಕಾರ ಇಡೀ ಕಾದಂಬರಿ ಹುಟ್ಟಿದ್ದು ಆ ಗೊಣಗಾಟದಿಂದ.

ಇನ್ನೊಂದು ಮೂಲವೂ ಇದ್ದಿರಬೇಕು. ಅವನು ಬೆಳೆದ ಪೋರ್ಟ್ ಜರ್ವಿಸ್ ಊರಿನಲ್ಲಿ 124ನೇ ನ್ಯೂಯಾರ್ಕ್ ದಳದ ಹಳೆಯ ಸೈನಿಕರಿದ್ದರು. ಚಾನ್ಸಲರ್ಸ್‌ವಿಲ್ ಕದನದಲ್ಲಿ ಇದ್ದವರು ಅವರು. ಕಾದಂಬರಿಯಲ್ಲಿ ಕದನದ ಹೆಸರೇ ಬರುವುದಿಲ್ಲ. ಆದರೆ ವಿವರಗಳೆಲ್ಲ 1863ರ ಮೇ ತಿಂಗಳ ಚಾನ್ಸಲರ್ಸ್‌ವಿಲ್ ಕದನಕ್ಕೇ ಹೊಂದುತ್ತವೆ. ಕಾದಾಟದ ರೋಷ ಹೇಗಿರುತ್ತದೆ ಎಂದು ತಾನು ಕಲಿತದ್ದು ಫುಟ್‌ಬಾಲ್ ಮೈದಾನದಲ್ಲಿ ಎಂದೂ ಅವನು ಹೇಳಿಕೊಂಡಿದ್ದ.

ಪುಸ್ತಕ ಹೊರಬಂದದ್ದೂ ಸುಲಭದಲ್ಲಿ ಅಲ್ಲ. ಟೈಪ್ ಮಾಡಿದವರಿಗೆ ಕೊಡಲು ದುಡ್ಡಿರಲಿಲ್ಲ, ಅವರು ಅರ್ಧ ಹಸ್ತಪ್ರತಿ ಇಟ್ಟುಕೊಂಡುಬಿಟ್ಟರು. ಗಾರ್ಲೆಂಡ್ 15 ಡಾಲರ್ ಸಾಲ ಕೊಟ್ಟು ಬಿಡಿಸಿದ. ಆಮೇಲೆ ಅದು ಪ್ರಕಾಶಕನೊಬ್ಬನ ಬಳಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿತ್ತು. ಕೊನೆಗೆ ಪತ್ರಿಕೆಗಳಿಗೆ ಬರಹ ಒದಗಿಸುತ್ತಿದ್ದ ಬ್ಯಾಚೆಲರ್ ಎಂಬಾತ 90 ಡಾಲರ್ ಕೊಟ್ಟು ತೆಗೆದುಕೊಂಡ. 1894ರ ಡಿಸೆಂಬರ್‌ನಲ್ಲಿ ಕತ್ತರಿಸಿದ ರೂಪದಲ್ಲಿ ಪತ್ರಿಕೆಗಳಲ್ಲಿ ಬಂತು. 1895ರ ಅಕ್ಟೋಬರ್‌ನಲ್ಲಿ ಆಪಲ್ಟನ್ ಸಂಸ್ಥೆ ಪುಸ್ತಕವಾಗಿ ತಂದಿತು. ಇಂಗ್ಲೆಂಡಿನಲ್ಲಂತೂ ಭಾರೀ ಮೆಚ್ಚುಗೆ. ಬರೆದವನು ಯುದ್ಧ ಕಂಡ ಹಳಬನೇ ಇರಬೇಕು ಎಂದು ಓದಿದವರು ನಂಬಿದ್ದರು. ಅವನಿಗೆ ಆಗ ಇನ್ನೂ 24 ತುಂಬಿರಲಿಲ್ಲ.

‘ರೆಡ್ ಬ್ಯಾಡ್ಜ್’ ಹೆಸರಿನಲ್ಲಿರುವ ‘ಕೆಂಪು ಬಿಲ್ಲೆ’ ಯಾವುದು?

ಗಾಯ. ಯುದ್ಧದಲ್ಲಿ ಆದ ಗಾಯವೇ ಧೈರ್ಯದ ಬಿಲ್ಲೆ ಎಂಬ ಅರ್ಥ.

ಇಲ್ಲೇ ಕ್ರೇನ್‌ನ ಕೈಚಳಕ ಇರುವುದು. ಕಾದಂಬರಿಯ ನಾಯಕ ಹೆನ್ರಿ ಫ್ಲೆಮಿಂಗ್ ಹಳ್ಳಿ ಹುಡುಗ. ಶೂರನಾಗುವ ಕನಸು ಕಟ್ಟಿಕೊಂಡು ಸೈನ್ಯ ಸೇರಿದವನು. ಮೊದಲ ದಾಳಿಗೆ ಹೇಗೋ ನಿಲ್ಲುತ್ತಾನೆ. ಎರಡನೆಯದಕ್ಕೆ ಬಂದೂಕು ಬಿಟ್ಟು ಓಡಿಹೋಗುತ್ತಾನೆ. ಓಡಿದವನು ಗಾಯಾಳುಗಳ ಸಾಲಿನ ಪಕ್ಕ ನಡೆಯಬೇಕಾಗುತ್ತದೆ. ಎಲ್ಲರ ಮೈಮೇಲೂ ರಕ್ತವಿದೆ, ಇವನ ಮೈ ಶುಚಿಯಾಗಿದೆ. ನಿನಗೆ ಎಲ್ಲಿ ಏಟು ಬಿತ್ತು ಎಂದು ಹರಕು ಬಟ್ಟೆಯ ಸೈನಿಕನೊಬ್ಬ ಪ್ರೀತಿಯಿಂದಲೇ ಕೇಳುತ್ತಾನೆ. ಹೆನ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ತನಗೂ ಒಂದು ಗಾಯ ಇದ್ದಿದ್ದರೆ ಎಂದು ಹೊಟ್ಟೆಕಿಚ್ಚು ಪಡುತ್ತಾನೆ.

ಗಾಯ ಸಿಗುತ್ತದೆ. ಓಡುತ್ತಿದ್ದ ತನ್ನದೇ ಕಡೆಯ ಸೈನಿಕನನ್ನು ಹಿಡಿದು ಏನಾಯಿತು ಎಂದು ಕೇಳಲು ಹೋಗುತ್ತಾನೆ. ಬಿಡಿಸಿಕೊಳ್ಳಲು ಅವನು ಬಂದೂಕಿನಿಂದ ಇವನ ತಲೆಗೆ ಬಾರಿಸುತ್ತಾನೆ. ರಾತ್ರಿ ದಳಕ್ಕೆ ಮರಳಿದಾಗ ಗುಂಡು ತಲೆ ಸವರಿ ಹೋಗಿದೆ ಎಂದು ಗೆಳೆಯರು ತಣ್ಣೀರಿನ ಬಟ್ಟೆ ಕಟ್ಟುತ್ತಾರೆ. ಇವನು ಇಲ್ಲ ಅನ್ನುವುದಿಲ್ಲ. ಮರುದಿನ ಅದೇ ಹುಡುಗ ಬಾವುಟ ಹಿಡಿದು ಮುಂದೆ ನುಗ್ಗುತ್ತಾನೆ. ಸುಳ್ಳು ಗಾಯ, ನಿಜವಾದ ಧೈರ್ಯ, ಎರಡೂ ಒಬ್ಬನ ಮೈಯಲ್ಲೇ ಇವೆ. ಕ್ರೇನ್ ತೀರ್ಪು ಕೊಡುವುದಿಲ್ಲ. ಅದಕ್ಕೇ ಕೆಲವರಿಗೆ ಕೋಪ ಬಂತು. ಅಂತರ್ಯುದ್ಧದಲ್ಲಿ ಹೋರಾಡಿದ್ದ ಅಲೆಕ್ಸಾಂಡರ್ ಮೆಕ್ಲರ್ಗ್ ಎಂಬ ಸೇನಾಧಿಕಾರಿ, ಇದು ಅಮೆರಿಕದ ಸೈನಿಕನಿಗೆ ಮಾಡಿದ ಅವಮಾನ ಎಂದು 1896ರಲ್ಲಿ ಪತ್ರಿಕೆಗೆ ಬರೆದ. ನನಗೆ ಹಾಗನ್ನಿಸಿಲ್ಲ. ಹೆದರಿದ ಹುಡುಗನ ಪಕ್ಕದಲ್ಲೇ ಇಷ್ಟು ಹೊತ್ತು ಕೂತವರು ಕಡಿಮೆ.

ನ್ಯೂಯಾರ್ಕ್ ಪೊಲೀಸರ ಜತೆ ಏನು ಜಗಳ?

1896ರ ಸೆಪ್ಟೆಂಬರ್‌ನ ಒಂದು ನಡುರಾತ್ರಿ. ಕ್ರೇನ್ ವರದಿಗಾಗಿ ಇಬ್ಬರು ನಾಟಕದ ಹುಡುಗಿಯರೊಂದಿಗೆ ಮಾತಾಡಲು ಹೋಗಿದ್ದ. ಜತೆಗೆ ಡೋರಾ ಕ್ಲಾರ್ಕ್ ಎಂಬಾಕೆಯೂ ಸೇರಿಕೊಂಡಳು. ಒಬ್ಬಳನ್ನು ಟ್ರಾಮಿಗೆ ಹತ್ತಿಸಿ ತಿರುಗುವಷ್ಟರಲ್ಲಿ ಚಾರ್ಲ್ಸ್ ಬೆಕರ್ ಎಂಬ ಪೊಲೀಸ್, ಗಿರಾಕಿ ಕರೆಯುತ್ತಿದ್ದಾಳೆ ಎಂದು ಕ್ಲಾರ್ಕ್‌ಳನ್ನು ಹಿಡಿದಿದ್ದ. ಸುಮ್ಮನಿರು, ನಿನ್ನ ಹೆಸರು ಕೆಡುತ್ತದೆ ಎಂದು ಠಾಣೆಯಲ್ಲೇ ಬುದ್ಧಿ ಹೇಳಿದರು. ಬೆಳಿಗ್ಗೆ ಕ್ರೇನ್ ನ್ಯಾಯಾಧೀಶರ ಮುಂದೆ ನಿಂತು, ಆಕೆ ಏನೂ ಮಾಡಿಲ್ಲ ಎಂದ. ಬಿಡುಗಡೆಯಾಯಿತು.

ಮುಂದೆ ಆಕೆ ಬೆಕರ್ ಮೇಲೆ ದೂರು ಕೊಟ್ಟಾಗಲೂ ಸಾಕ್ಷಿ ಹೇಳಿದ. ವಿಚಾರಣೆಯಲ್ಲಿ ಪೊಲೀಸರ ವಕೀಲರು ಅವನ ಖಾಸಗಿ ಬದುಕನ್ನೆಲ್ಲ ಜಾಲಾಡಿದರು. ಮರುದಿನದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಆಗ ಪೊಲೀಸ್ ಮಂಡಳಿಯ ಮುಖ್ಯಸ್ಥನಾಗಿದ್ದವನು, ಮುಂದೆ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್. ಕ್ರೇನ್‌ನ ಬರಹ ಮೆಚ್ಚಿದ್ದವನು ಈಗ ಮುಖ ತಿರುಗಿಸಿದ. ನ್ಯೂಯಾರ್ಕಿನಲ್ಲಿ ಕೆಲಸ ಮಾಡುವುದೇ ಕಷ್ಟವಾಯಿತು. ಬೆಕರ್ ಮುಂದೆ ಒಂದು ಕೊಲೆ ಪ್ರಕರಣದಲ್ಲಿ ಸಿಕ್ಕಿಬಿದ್ದ, 1915ರಲ್ಲಿ ಮರಣದಂಡನೆಯಾಯಿತು. ಅದನ್ನು ನೋಡಲು ಕ್ರೇನ್ ಇರಲಿಲ್ಲ.

ಹಡಗು ಮುಳುಗಿದ್ದು, ದೋಣಿಯಲ್ಲಿ ಉಳಿದದ್ದು?

ಕ್ಯೂಬಾದಲ್ಲಿ ಸ್ಪೇನ್ ವಿರುದ್ಧ ದಂಗೆ ನಡೆಯುತ್ತಿತ್ತು. ಅದನ್ನು ವರದಿ ಮಾಡಲು ಕ್ರೇನ್ ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಹೋದ. ದಂಗೆಕೋರರಿಗೆ ಬಂದೂಕು, ಮದ್ದುಗುಂಡು ಒಯ್ಯುತ್ತಿದ್ದ ‘ಕೊಮೊಡೋರ್’ ಎಂಬ ಹಡಗನ್ನು 1896ರ ಡಿಸೆಂಬರ್ 31ರಂದು ಹತ್ತಿದ. ಮಂಜಿನಲ್ಲಿ ಹಡಗು ನದಿಯ ಮರಳಿಗೆ ತಾಗಿತು. ಸಮುದ್ರಕ್ಕೆ ಹೋದ ಮೇಲೆ ಎಂಜಿನ್ ಕೋಣೆಗೆ ನೀರು ನುಗ್ಗಿತು. ಜನವರಿ 2ರ ಬೆಳಿಗ್ಗೆ ಮುಳುಗಿತು.

ಕೊನೆಗೆ ಹತ್ತಡಿಯ ಪುಟ್ಟ ದೋಣಿಯಲ್ಲಿ ಉಳಿದದ್ದು ನಾಲ್ವರು. ಕೈಗೆ ಪೆಟ್ಟಾಗಿದ್ದ ಕ್ಯಾಪ್ಟನ್ ಮರ್ಫಿ, ಅಡುಗೆಯವನು, ಎಂಜಿನ್‌ಗೆ ಎಣ್ಣೆ ಹಾಕುತ್ತಿದ್ದ ಬಿಲ್ಲಿ ಹಿಗಿನ್ಸ್, ಮತ್ತು ಕ್ರೇನ್. ಸುಮಾರು ಮೂವತ್ತು ಗಂಟೆ. ಹಿಗಿನ್ಸ್, ಕ್ರೇನ್ ಇಬ್ಬರೂ ಸರದಿಯ ಮೇಲೆ ಹುಟ್ಟು ಹಾಕಿದರು. ಅಡುಗೆಯವನು ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ.

ಆರು ತಿಂಗಳೊಳಗೆ ಇದನ್ನೇ ‘ದಿ ಓಪನ್ ಬೋಟ್’ ಎಂಬ ಕತೆ ಮಾಡಿದ. ಅದರ ಒಂದು ದೃಶ್ಯ ನನ್ನ ತಲೆಯಿಂದ ಹೋಗುವುದೇ ಇಲ್ಲ. ದಡ ಕಾಣುತ್ತಿದೆ. ದಡದಲ್ಲಿ ಒಬ್ಬ ಮನುಷ್ಯ ಕೋಟು ಬಿಚ್ಚಿ ತಲೆಯ ಮೇಲೆ ಬೀಸುತ್ತಿದ್ದಾನೆ. ಏನು ಹೇಳುತ್ತಿದ್ದಾನೆ? ಉತ್ತರಕ್ಕೆ ಹೋಗಿ ಅಂತಲೋ, ಅಲ್ಲೇ ಕಾಯಿರಿ ಅಂತಲೋ? ನಾಲ್ವರೂ ತಲೆ ಕೆಡಿಸಿಕೊಳ್ಳುತ್ತಾರೆ. ಕೊನೆಗೆ ಅರ್ಥವಾಗುತ್ತದೆ. ಇವರು ವಿಹಾರಕ್ಕೆ ಬಂದವರು ಅಂದುಕೊಂಡು ಅವನು ಖುಷಿಗೆ ಕೈಬೀಸುತ್ತಿದ್ದಾನೆ. ಆಮೇಲೆ ಕತ್ತಲಾಗುತ್ತದೆ, ದೋಣಿಯಲ್ಲೇ ರಾತ್ರಿ ಶುರು.

ಬೆಳಿಗ್ಗೆ ಡೇಟೋನಾ ಬಳಿ ಅಲೆಗಳ ನಡುವೆ ದೋಣಿ ಮಗುಚಿತು. ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದ, ಎಲ್ಲರಿಗಿಂತ ಜಾಸ್ತಿ ದುಡಿದಿದ್ದ ಹಿಗಿನ್ಸ್ ಸತ್ತ. ಉಳಿದ ಮೂವರು ಬದುಕಿದರು. ಕತೆಯಲ್ಲಿ ಕ್ಯಾಪ್ಟನ್‌ಗೆ, ಅಡುಗೆಯವನಿಗೆ, ವರದಿಗಾರನಿಗೆ ಹೆಸರಿಲ್ಲ. ಬಿಲ್ಲಿಗೆ ಮಾತ್ರ ಇದೆ.

ಕೋರಾ ಯಾರು?

ಜಾಕ್ಸನ್‌ವಿಲ್‌ನಲ್ಲಿ ‘ಹೋಟೆಲ್ ಡಿ ಡ್ರೀಮ್’ ಎಂಬ ಜಾಗ ನಡೆಸುತ್ತಿದ್ದ ಕೋರಾ ಟೇಲರ್. ಅದು ರಾತ್ರಿ ಮೋಜಿನ ಮನೆ. ಕ್ರೇನ್‌ಗಿಂತ ದೊಡ್ಡವಳು, ಓದಿಕೊಂಡವಳು. ಹಿಂದಿನ ಗಂಡ ವಿಚ್ಛೇದನ ಕೊಡಲಿಲ್ಲ, ಹಾಗಾಗಿ ಇವರ ಮದುವೆ ಕಾನೂನು ಪ್ರಕಾರ ಆಗಲೇ ಇಲ್ಲ. ಗಂಡಹೆಂಡಿರ ಹಾಗೆಯೇ ಬದುಕಿದರು. 1897ರಲ್ಲಿ ಗ್ರೀಸ್–ತುರ್ಕಿ ಯುದ್ಧಕ್ಕೆ ಜತೆಯಾಗಿ ಹೋದರು. ಆಕೆ ‘ಇಮೊಜೆನ್ ಕಾರ್ಟರ್’ ಎಂಬ ಹೆಸರಿನಲ್ಲಿ ಯುದ್ಧ ವರದಿ ಕಳಿಸಿದಳು. ಹಾಗೆ ಬರೆದ ಮೊದಲ ಹೆಂಗಸರಲ್ಲಿ ಅವಳೂ ಒಬ್ಬಳು. ಅವಳನ್ನು ಬರೀ ‘ಕ್ರೇನ್‌ನ ಹೆಂಗಸು’ ಎಂದು ದಾಟಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಯುದ್ಧ ವರದಿಗಾರನಾಗಿ ಹೇಗಿದ್ದ?

ಗ್ರೀಸ್‌ನಲ್ಲಿ ಮೊದಲ ಸಲ ನಿಜವಾದ ಯುದ್ಧ ಕಂಡ. ಅಲ್ಲಿ ಕೆಲವು ದಿನ ಕಾಯಿಲೆಯಲ್ಲೇ ಕಳೆದವು. ವೆಲೆಸ್ಟಿನೋ ಕದನದ ಜಾಗದಿಂದ ಒಂದು ನಾಯಿಮರಿ ಎತ್ತಿಕೊಂಡು ಬಂದು, ಅದಕ್ಕೆ ಆ ಊರಿನ ಹೆಸರನ್ನೇ ಇಟ್ಟ. ತಾನು ಕಲ್ಪಿಸಿಕೊಂಡು ಬರೆದದ್ದು ಸರಿಯಾಗಿಯೇ ಇತ್ತು ಎಂದು ಆಮೇಲೆ ಗೆಳೆಯರ ಬಳಿ ಹೇಳಿಕೊಂಡ ಎನ್ನುತ್ತಾರೆ.

ಅವನ ಒಳ್ಳೆಯ ವರದಿಗಳು ಬಂದದ್ದು 1898ರಲ್ಲಿ, ಕ್ಯೂಬಾದಿಂದ. ಅಮೆರಿಕ–ಸ್ಪೇನ್ ಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದ. ಪ್ರಯಾಣಕ್ಕೆ 60 ಪೌಂಡ್ ಬೇಕಿತ್ತು. ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಲಂಡನ್ ಎಲ್ಲ ಸುತ್ತಿ ಅದನ್ನು ಹೊಂದಿಸಲು ನೆರವಾದ. ಪುಲಿಟ್ಜರ್‌ನ ‘ವರ್ಲ್ಡ್’ ಪತ್ರಿಕೆಯ ವರದಿಗಾರನಾಗಿ ಗ್ವಾಂಟಾನಮೊದಲ್ಲಿ ನೌಕಾಪಡೆಯ ಸೈನಿಕರ ಜತೆ ಇಳಿದ.

ಮೊದಲ ರಾತ್ರಿಗಳಲ್ಲೇ ಗಿಬ್ಸ್ ಎಂಬ ವೈದ್ಯನಿಗೆ ಗುಂಡು ತಗುಲಿತು. ಕತ್ತಲಲ್ಲಿ ಕೆಲವೇ ಅಡಿ ದೂರದಲ್ಲಿ ನೆಲಕ್ಕೆ ಅಂಟಿಕೊಂಡು ಮಲಗಿದ್ದ ಕ್ರೇನ್, ಅವನು ಉಸಿರಿಗಾಗಿ ಒದ್ದಾಡುವುದನ್ನು ಕೊನೆಯವರೆಗೂ ಕೇಳಿಸಿಕೊಂಡ. ಸಂಕೇತ ಕೊಡುವ ಸೈನಿಕರ ಬಗ್ಗೆ ಅವನು ಬರೆದದ್ದಂತೂ ಮರೆಯುವ ಹಾಗಿಲ್ಲ. ರಾತ್ರಿ ಹಡಗಿಗೆ ಸುದ್ದಿ ಮುಟ್ಟಿಸಬೇಕಾದರೆ ಒಬ್ಬ ಎದ್ದು ನಿಂತು ಲಾಟೀನು ಆಡಿಸಬೇಕು. ಶತ್ರುವಿಗೆ ಕಾಣುವುದೂ ಆ ಬೆಳಕೇ. ಸಾರ್ಜೆಂಟ್ ಜಾನ್ ಕ್ವಿಕ್ ಹಗಲಿನಲ್ಲಿ ನೀಲಿ ಚುಕ್ಕೆಯ ಕರವಸ್ತ್ರವನ್ನು ಕೋಲಿಗೆ ಕಟ್ಟಿ, ಶತ್ರುವಿಗೆ ಬೆನ್ನು ತೋರಿಸಿ, ಸಂಕೇತ ಕೊಡುತ್ತಾ ನಿಂತ. ಅವನ ಮುಖದಲ್ಲಿ ಭಯದ ಒಂದು ಗೆರೆಯಾದರೂ ಕಾಣುತ್ತದಾ ಎಂದು ಕ್ರೇನ್ ಹುಡುಕಿದ. ಸಿಕ್ಕಿದ್ದು ಕೆಲಸದ ಮೇಲಿನ ಗಮನ ಮಾತ್ರ. ಭಯದ ಬಗ್ಗೆ ಒಂದು ಇಡೀ ಪುಸ್ತಕ ಬರೆದವನು ಹೀಗೆ ಹುಡುಕುವುದು ಸಹಜ ಅಲ್ವಾ?

ತನ್ನ ಜೀವದ ಬಗ್ಗೆ ಮಾತ್ರ ಅಸಡ್ಡೆ. ಸಾನ್ ಹುವಾನ್ ಗುಡ್ಡದ ಬಳಿ ಗುಂಡು ಹಾರುತ್ತಿದ್ದಾಗ ಬಿಳಿ ಮಳೆಕೋಟು ಹಾಕಿಕೊಂಡು ಎದ್ದು ಅಡ್ಡಾಡುತ್ತಿದ್ದ. ಸೈನಿಕರು ಕೂಗಿದರೂ ಕೇಳಲಿಲ್ಲ. ಹೀಗೆ ಮಾಡಿ ಯಾರನ್ನೂ ಮೆಚ್ಚಿಸಲಾರೆ ಎಂದು ವರದಿಗಾರ ರಿಚರ್ಡ್ ಹಾರ್ಡಿಂಗ್ ಡೇವಿಸ್ ಗದರಿದಾಗ ತಕ್ಷಣ ಕೂತ. ಕೊನೆಗೆ ಕ್ಯೂಬಾದ ಜ್ವರ ಅವನನ್ನು ಮಲಗಿಸಿತು. ಮೊದಲೇ ದುರ್ಬಲವಾಗಿದ್ದ ಎದೆಗೆ ಅದು ದೊಡ್ಡ ಪೆಟ್ಟು.

‘ದಿ ಮಾನ್‌ಸ್ಟರ್’ ಕತೆಯ ಹಿಂದೆ ನಿಜ ಘಟನೆ ಇದೆಯಾ?

ಒಂದು ಘಟನೆಯ ನೆರಳು ಇದೆ ಎಂದು ಹಲವರು ನಂಬುತ್ತಾರೆ, ನಾನೂ ನಂಬುತ್ತೇನೆ. 1892ರ ಜೂನ್ 2ರಂದು ಪೋರ್ಟ್ ಜರ್ವಿಸ್‌ನಲ್ಲಿ ರಾಬರ್ಟ್ ಲೂಯಿಸ್ ಎಂಬ ಕಪ್ಪು ಜನಾಂಗದ ಯುವಕನನ್ನು ಗುಂಪು ಕಟ್ಟಿ ಬಂದ ಬಿಳಿಯರು ಮರಕ್ಕೆ ನೇಣು ಹಾಕಿ ಕೊಂದರು. ಕ್ರೇನ್‌ನ ಅಣ್ಣ ವಿಲಿಯಂ ಅಲ್ಲೇ ವಾಸವಿದ್ದ. ಗುಂಪಿನೊಳಗೆ ನುಗ್ಗಿ ತಡೆಯಲು ನೋಡಿದ, ಆಗಲಿಲ್ಲ. ‘ದಿ ಮಾನ್‌ಸ್ಟರ್’ ಕತೆಯಲ್ಲಿ ವೈದ್ಯನ ಮಗನನ್ನು ಬೆಂಕಿಯಿಂದ ಉಳಿಸಲು ಹೋಗಿ ಕಪ್ಪು ಆಳು ಹೆನ್ರಿ ಜಾನ್ಸನ್ ಮುಖ ಸುಟ್ಟುಕೊಳ್ಳುತ್ತಾನೆ. ವೈದ್ಯ ಅವನ ಕೈ ಬಿಡುವುದಿಲ್ಲ, ಹಾಗಾಗಿ ಊರು ವೈದ್ಯನ ಕೈ ಬಿಡುತ್ತದೆ. ಕೊನೆಯಲ್ಲಿ ವೈದ್ಯನ ಹೆಂಡತಿ ಚಹಾಕ್ಕೆ ಕರೆದ ದಿನ ಒಬ್ಬಳನ್ನು ಬಿಟ್ಟು ನೆರೆಹೊರೆಯವರು ಯಾರೂ ಬರುವುದಿಲ್ಲ. ಮುಟ್ಟದ ಕಪ್ಪುಗಳು ಹಾಗೇ ಮೇಜಿನ ಮೇಲಿವೆ.

ವಾಸ್ತವವಾದಿಯೋ, ನಿಸರ್ಗವಾದಿಯೋ?

ಬದುಕನ್ನು ಇದ್ದ ಹಾಗೆ ಬರೆಯುವವನು ವಾಸ್ತವವಾದಿ. ಮನುಷ್ಯನನ್ನು ಅವನ ಪರಿಸರ, ಹುಟ್ಟುಗುಣಗಳೇ ಆಡಿಸುತ್ತವೆ ಎಂದು ತೋರಿಸುವವನು ನಿಸರ್ಗವಾದಿ. ಪರೀಕ್ಷೆಗೆ ಓದುವವರು ಎರಡನ್ನೂ ಬರೆಯಬಹುದು, ತಪ್ಪಾಗುವುದಿಲ್ಲ. ನನಗೆ ಅವನು ಬಣ್ಣಗಳಲ್ಲಿ ಯೋಚಿಸುವ ಚಿತ್ರಕಾರನ ಹಾಗೆ ಕಾಣುತ್ತಾನೆ. ಓದುವಾಗ ಅವನು ಎಲ್ಲಿ ಕೆಂಪು, ಎಲ್ಲಿ ನೀಲಿ, ಎಲ್ಲಿ ಬೂದು ಬಳಸುತ್ತಾನೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡಿ.

ಕವಿತೆ ಬರೆದಿದ್ದನಾ?

ಹೌದು. ‘ದಿ ಬ್ಲ್ಯಾಕ್ ರೈಡರ್ಸ್’ 1895ರಲ್ಲಿ, ‘ವಾರ್ ಈಸ್ ಕೈಂಡ್’ 1899ರಲ್ಲಿ ಬಂದವು. ಪ್ರಾಸವಿಲ್ಲದ ಪುಟ್ಟ ಪದ್ಯಗಳು. ಪಾದ್ರಿಯ ಮಗ ದೇವರ ಜತೆ ಜಗಳ ಕಾಯುವುದು ಇಲ್ಲೇ.

ಕೊನೆಯ ದಿನಗಳು ಹೇಗಿದ್ದವು?

1899ರ ಜನವರಿಯಲ್ಲಿ ಇಂಗ್ಲೆಂಡಿಗೆ ಮರಳಿದ. ಸಸೆಕ್ಸ್‌ನ ಬ್ರೀಡ್ ಪ್ಲೇಸ್ ಎಂಬ ಹದಿನಾಲ್ಕನೇ ಶತಮಾನದ ಮನೆಯಲ್ಲಿ ಬಾಡಿಗೆಗೆ ಇದ್ದರು. ವಿದ್ಯುತ್ ಇಲ್ಲ, ಗಾಳಿ ನುಗ್ಗುವ ತಣ್ಣನೆಯ ಕೋಣೆಗಳು. ಕ್ಷಯ ಇರುವವನಿಗೆ ಅದಕ್ಕಿಂತ ಕೆಟ್ಟ ಜಾಗ ಬೇಕೆ? ಲೇಖಕರಾದ ಹೆನ್ರಿ ಜೇಮ್ಸ್, ಕಾನ್ರಾಡ್, ಎಚ್. ಜಿ. ವೆಲ್ಸ್ ಎಲ್ಲ ಹತ್ತಿರದಲ್ಲೇ ಇದ್ದರು. ಮನೆಗೆ ನೆಂಟರ ಸಾಲು ತಪ್ಪುತ್ತಿರಲಿಲ್ಲ, ಸಾಲವೂ ಬೆಳೆಯುತ್ತಲೇ ಇತ್ತು. ಸಾಲ ತೀರಿಸಲು ಬರೆದ, ಬರೆದು ಬರೆದು ಸೋತ.

ಆ ವರ್ಷದ ಕ್ರಿಸ್‌ಮಸ್ ಸಮಯದಲ್ಲಿ ದೊಡ್ಡ ಔತಣ, ಊರವರಿಗಾಗಿ ಒಂದು ನಾಟಕ. ಅದು ಮುಗಿಯುವಷ್ಟರಲ್ಲಿ ಬಾಯಿಂದ ರಕ್ತ ಬಂತು. ಮೇ ತಿಂಗಳಲ್ಲಿ ಕೋರಾ ಅವನನ್ನು ಜರ್ಮನಿಯ ಬಾಡೆನ್‌ವೈಲರ್‌ನ ಕ್ಷಯ ಚಿಕಿತ್ಸೆಗೆ ಕರೆದೊಯ್ದಳು. ಕ್ಷಯದ ಕ್ರಿಮಿಯನ್ನು ಜರ್ಮನ್ ವಿಜ್ಞಾನಿ ಕೋಖ್ 1882ರಲ್ಲೇ ಕಂಡುಹಿಡಿದಿದ್ದ. ಆದರೆ ಅದನ್ನು ಕೊಲ್ಲುವ ಔಷಧ ಸ್ಟ್ರೆಪ್ಟೊಮೈಸಿನ್ ಬರಲು 1943ರವರೆಗೆ ಕಾಯಬೇಕಿತ್ತು. ಒಳ್ಳೆಯ ಗಾಳಿ ಬಿಟ್ಟರೆ ಬೇರೆ ಔಷಧ ಇರಲಿಲ್ಲ. ಹಾಸಿಗೆಯಲ್ಲಿದ್ದುಕೊಂಡೇ ಮುಗಿಯದ ಕಾದಂಬರಿಯೊಂದರ ಭಾಗಗಳನ್ನು ಹೇಳಿ ಬರೆಸುತ್ತಿದ್ದ. ಅದನ್ನು ಆಮೇಲೆ ಗೆಳೆಯ ರಾಬರ್ಟ್ ಬಾರ್ ಮುಗಿಸಿದ. ನಾಲ್ಕು ವರ್ಷದ ನಂತರ ಅದೇ ಬಾಡೆನ್‌ವೈಲರ್‌ನಲ್ಲಿ ಅದೇ ಕಾಯಿಲೆಯಿಂದ ರಷ್ಯಾದ ಕತೆಗಾರ ಚೆಕಾಫ್ ಕೂಡ ಸತ್ತ ಎಂದು ತಿಳಿದಾಗ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಕುಡುಕ, ಅಫೀಮು ತಿನ್ನುವವನು ಎಂದೆಲ್ಲ ಹೇಳುತ್ತಾರಲ್ಲ?

ಇಂಥ ಮಾತುಗಳು ಅವನು ಬದುಕಿದ್ದಾಗಲೇ ಹುಟ್ಟಿಕೊಂಡವು. ಪೊಲೀಸ್ ವಿಚಾರಣೆ ಅದಕ್ಕೆ ಗಾಳಿ ಹಾಕಿತು. ಅಫೀಮಿನ ಅಡ್ಡೆಗಳ ಬಗ್ಗೆ ವರದಿ ಬರೆದಿದ್ದ, ಅಷ್ಟರಿಂದಲೇ ವ್ಯಸನಿ ಅನ್ನುವುದು ಅನ್ಯಾಯ.

ಇನ್ನೊಂದು ತೊಂದರೆಯಿದೆ. 1923ರಲ್ಲಿ ಥಾಮಸ್ ಬೀರ್ ಬರೆದ ಜೀವನಚರಿತ್ರೆಯನ್ನು ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಅದರಲ್ಲಿನ ಎಷ್ಟೋ ಪತ್ರಗಳು, ಪ್ರಸಂಗಗಳು ಬೀರ್ ತಾನೇ ಕಟ್ಟಿದವು ಎಂದು ಮುಂದೆ ವಿದ್ವಾಂಸರು ತೋರಿಸಿಕೊಟ್ಟರು. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ಕ್ರೇನ್ ಬಗ್ಗೆ ತೀರಾ ಸೊಗಸಾದ ಕತೆ ಸಿಕ್ಕರೆ, ಅದು ಎಲ್ಲಿಂದ ಬಂತು ಎಂದು ಒಮ್ಮೆ ನೋಡಿ. ಕಂಡದ್ದನ್ನು ಮಾತ್ರ ಬರೆಯಬೇಕು ಎಂದು ಹಟ ಹಿಡಿದವನ ಬದುಕಿಗೇ ಹೀಗಾಯಿತಲ್ಲ ಎಂದು ನನಗೆ ಇನ್ನೂ ಸಂಕಟ.

ಯಾವುದನ್ನು ಮೊದಲು ಓದಲಿ?

‘ದಿ ಓಪನ್ ಬೋಟ್’. ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಆಮೇಲೆ ‘ದಿ ಬ್ಲೂ ಹೋಟೆಲ್’, ಅದಾದ ಮೇಲೆ ‘ರೆಡ್ ಬ್ಯಾಡ್ಜ್’. ‘ಮ್ಯಾಗಿ’ಯಲ್ಲಿ ಬೀದಿಯ ಆಡುಮಾತನ್ನು ಉಚ್ಚಾರಣೆಯ ಹಾಗೇ ಬರೆದಿದ್ದಾನೆ, ಮೊದಲು ತೊಡಕಾಗುತ್ತದೆ. ಗಟ್ಟಿಯಾಗಿ ಓದಿದರೆ ಸುಲಭ. ಹಕ್ಕುಸ್ವಾಮ್ಯ ಯಾವಾಗಲೋ ಮುಗಿದಿದೆ, ಗುಟೆನ್‌ಬರ್ಗ್ ತಾಣದಲ್ಲಿ ಎಲ್ಲವೂ ಉಚಿತವಾಗಿ ಸಿಗುತ್ತವೆ.

ಸಮಾಧಿ ಎಲ್ಲಿದೆ?

ಕೋರಾ ದೇಹವನ್ನು ಅಮೆರಿಕಕ್ಕೆ ತಂದಳು. ನ್ಯೂಯಾರ್ಕಿನಲ್ಲಿ ನಡೆದ ಅಂತ್ಯಕ್ರಿಯೆಯನ್ನು ‘ಟ್ರಿಬ್ಯೂನ್’ ಪತ್ರಿಕೆಗೆ ವರದಿ ಮಾಡಲು ಬಂದಿದ್ದ ಯುವಕ, ಮುಂದೆ ದೊಡ್ಡ ಕವಿಯಾದ ವ್ಯಾಲೇಸ್ ಸ್ಟೀವನ್ಸ್. ಕ್ರೇನ್‌ನ ಕೆಲಸ ಹೋಗಿದ್ದು ಅದೇ ಪತ್ರಿಕೆಯಿಂದ. ನ್ಯೂಜೆರ್ಸಿಯ ಹಿಲ್‌ಸೈಡ್‌ನಲ್ಲಿರುವ ಎವರ್‌ಗ್ರೀನ್ ಸ್ಮಶಾನದಲ್ಲಿ, ಮನೆಯವರ ಪಕ್ಕದಲ್ಲೇ ಅವನನ್ನು ಮಣ್ಣು ಮಾಡಿದರು. ಹುಟ್ಟಿದ ನ್ಯೂಆರ್ಕ್ ಅಲ್ಲಿಗೆ ಹತ್ತಿರದಲ್ಲೇ ಇದೆ.